ಕೊಬ್ಬರಿ ಅಟ್ಟದ ಕೆಳಗಿನ ಸರ್ವೀಸು

ಕಳೆದ ಮಂಗಳವಾರ ಸಂಜೆ ಅಜ್ಜಂಪುರದ ಬಸ್ ನಿಲ್ದಾಣದಲ್ಲಿ ಕಡೂರಿನ ಬಸ್ಸಿಗೆ ಕಾಯುತ್ತಿದ್ದಾಗ ಒಬ್ಬರು ಕೊಬ್ಬರಿ ತುಂಬಿದ ಚೀಲವನ್ನು ನನ್ನ ಪಕ್ಕದಲ್ಲಿ ಇಳಿಸಿದರು. ಚೀಲದ ಬಾಯಿ ಸರಿಯಾಗಿ ಹೊಲಿದಿರಲಿಲ್ಲ. ಎಣ್ಣೆ, ಧೂಳು, ಸ್ವಲ್ಪ ಹೊಗೆ, ಅವುಗಳ ಅಡಿಯಲ್ಲಿ ಒಂದು ತೆಳುವಾದ ಸಿಹಿ. ಆ ವಾಸನೆ ಮೂಗಿಗೆ ತಾಕಿದ್ದೇ ತಡ, ನಾನು ಕಾಲು ಅಗಲಿಸಿ, ಮಂಡಿ ಬಗ್ಗಿಸಿ, ಹಿಮ್ಮಡಿ ಎತ್ತಿ ನಿಂತುಬಿಟ್ಟಿದ್ದೆ. ಅದು ನನಗೆ ಗೊತ್ತಾದದ್ದು ಚೀಲದವರು ನಕ್ಕಾಗ.

“ಏನಪ್ಪಾ, ಬಸ್ಸು ಇನ್ನೂ ಬಂದೇ ಇಲ್ಲ, ಆಗ್ಲೇ ಸೀಟಿಗೆ ಹಾರಾಕೆ ರೆಡಿಯಾಗ್ಬಿಟ್ಯಲ್ಲ!”

ನಾನೂ ನಕ್ಕು ಹಿಮ್ಮಡಿ ಇಳಿಸಿದೆ. ಈಗ ನಾನು ಅಜ್ಜಂಪುರದ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಪೈಪು ಅಳೆದು ಕೊಡುತ್ತೇನೆ. ಎತ್ತಿದ ಹಿಮ್ಮಡಿಯಿಂದ ಅಲ್ಲಿ ಏನೂ ಉಪಯೋಗವಿಲ್ಲ. ಆದರೆ ಮನೆಗೆ ಹೋದವನು ಟ್ರಂಕಿನಿಂದ ಆ ವರ್ಷದ ನೋಟ್‌ಬುಕ್ ತೆಗೆದು ಮೊದಲಿನಿಂದ ಕೊನೆಯವರೆಗೆ ಓದಿದೆ. ತಾರೀಖು, ವಾರ, ಸಂಖ್ಯೆ, ಎರಡು ಸಾಲಿನ ಷರಾ. ಉಳಿದದ್ದನ್ನು ನೆನಪಿನಿಂದ ಬರೆಯುತ್ತಿದ್ದೇನೆ.

ಅದು ನನ್ನ ಡಿಗ್ರಿಯ ಕೊನೆಯ ವರ್ಷ. ಯಗಟಿಯಿಂದ ಬೆಳಗಿನ ಬಸ್ಸಿಗೆ ಕಡೂರಿನ ಕಾಲೇಜಿಗೆ ಬರುತ್ತಿದ್ದೆ. ನನಗೆ ದೈಹಿಕ ಶಿಕ್ಷಣದ ಮೇಷ್ಟ್ರಾಗಬೇಕಿತ್ತು. ಈ ಮಾತು ಕೇಳಿದವರು ನನ್ನನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡುತ್ತಿದ್ದರು. ನನ್ನ ತೂಕ ಆಗ ನಲವತ್ತೊಂಬತ್ತು ಕೆಜಿ. ಓಟದಲ್ಲಿ ಕೊನೆಯವನು. ಕಬಡ್ಡಿಯಲ್ಲಿ ಒಮ್ಮೆ ಎದುರು ತಂಡದವನು ನನ್ನನ್ನು ಹಿಡಿಯುವ ಗೋಜಿಗೇ ಹೋಗದೆ ಎತ್ತಿ ಗೆರೆಯಾಚೆ ಇಟ್ಟಿದ್ದ. ಆದರೂ ಬೆಳಗಿನ ಬಿಸಿಲಲ್ಲಿ ಕೊರಳಿಗೆ ಸೀಟಿ ಹಾಕಿಕೊಂಡು ಮಕ್ಕಳ ಸಾಲಿನ ಮುಂದೆ ನಿಲ್ಲುವ ಕೆಲಸ ಬಿಟ್ಟು ಬೇರೆ ಯಾವ ಕೆಲಸವನ್ನೂ ನಾನು ಕಲ್ಪಿಸಿಕೊಂಡಿರಲಿಲ್ಲ.

ಕಾಲೇಜಿನ ದೈಹಿಕ ಶಿಕ್ಷಣದ ಮೇಷ್ಟ್ರು ವಿಷಯವನ್ನು ಬಿಡಿಸಿ ಹೇಳಿದರು. “ಬಿ.ಪಿ.ಎಡ್‌ಗೆ ಅರ್ಜಿ ಯಾರ್ ಬೇಕಾದ್ರೂ ಹಾಕ್ಬೋದು ಕಣಪ್ಪ. ಸೀಟ್ ಬರೋದು ಸರ್ಟಿಫಿಕೇಟಿನ ಮೇಲೆ. ನಿನ್ ಮಾರ್ಕ್ಸು ಐವತ್ಮೂರು ಪರ್ಸೆಂಟು. ಯೂನಿವರ್ಸಿಟಿ ಟೀಮಿಗೆ ಆಯ್ಕೆ ಆದ್ರೆ ದಾರಿ ಐತೆ. ಇಲ್ಲಾಂದ್ರೆ ಫಾರಂ ತುಂಬೋ ಇಂಕೂ ದಂಡ.”

“ಯಾವ ಆಟ ಸಾರ್?”

“ಅದ್ನ ನೀನೇ ಹೇಳ್ಬೇಕು. ನಿನ್ನ ನೋಡಿದ್ರೆ ನಂಗೇನೂ ಹೊಳೀತಿಲ್ಲ.”

ನಾನು ಟೇಬಲ್ ಟೆನಿಸ್ ಅಂದೆ. ನಮ್ಮ ಕಾಲೇಜಿನಲ್ಲಿ ಅದನ್ನು ಆಡುವವರು ಒಬ್ಬರೂ ಇರಲಿಲ್ಲ, ಟೇಬಲ್ಲೂ ಇರಲಿಲ್ಲ. ಹಾಗಾಗಿ ಕಾಲೇಜಿನ ಪರವಾಗಿ ನನ್ನ ಹೆಸರು ಹೋಗುವುದು ಖಚಿತವಾಗಿತ್ತು. ನವೆಂಬರಿನಲ್ಲಿ ತರೀಕೆರೆಯಲ್ಲಿ ಅಂತರ ಕಾಲೇಜು ಟೂರ್ನಿ. ಅಲ್ಲಿ ಸಾಲಾಗಿ ಮೂರು ಪಂದ್ಯ ಗೆದ್ದರೆ ತಂಡಕ್ಕೆ ಆಯ್ಕೆ. ಮುಂದಿನ ವರ್ಷ ನಾನು ವಿದ್ಯಾರ್ಥಿಯೇ ಆಗಿರುವುದಿಲ್ಲವಾದ್ದರಿಂದ ಇದೊಂದೇ ಅವಕಾಶ. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಇಷ್ಟೇ ಇದೆ: ‘ಜೂನ್ ೧೦, ಸೋಮವಾರ. ಗುರಿ: ಮೂರು ಪಂದ್ಯ.’

ಕಲಿಸಲು ನನಗೆ ಗೊತ್ತಿದ್ದವರು ಬಸಣ್ಣ ಮಾವ ಒಬ್ಬರೇ. ಅಮ್ಮನ ಕಡೆಯಿಂದ ದೂರದ ಸಂಬಂಧ. ಕಡೂರಿನ ಒಂದು ಕೊಬ್ಬರಿ ಗೋಡೌನಿನ ಉಸ್ತುವಾರಿ ಅವರದು. ಅವರ ತಂದೆ ಬೀರೂರಿನಲ್ಲಿ ರೈಲ್ವೆ ನೌಕರರಾಗಿದ್ದ ಕಾಲದಲ್ಲಿ, ಅಲ್ಲಿಯ ನೌಕರರ ಕ್ಲಬ್ಬಿನಲ್ಲಿ ಮಾವ ಪ್ರತಿ ಸಂಜೆ ಟೇಬಲ್ ಟೆನಿಸ್ ಆಡುತ್ತಿದ್ದರಂತೆ. ಹುಬ್ಬಳ್ಳಿಯಿಂದ ಬಂದ ಗಾರ್ಡ್ ಒಬ್ಬರನ್ನು ಇಪ್ಪತ್ತೊಂದು ಒಂಬತ್ತರಲ್ಲಿ ಸೋಲಿಸಿದ ಕಥೆಯನ್ನು ನಮ್ಮ ನೆಂಟರಲ್ಲಿ ಕೇಳದವರಿಲ್ಲ. ತಂದೆ ನಿವೃತ್ತರಾಗಿ ಕ್ವಾರ್ಟರ್ಸ್ ಬಿಟ್ಟ ಮೇಲೆ ಕ್ಲಬ್ಬಿನ ಸಂಬಂಧವೂ ಕಡಿದುಹೋಯಿತು. ಆಮೇಲೆ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಮಾವನ ಕೈಗೆ ಬಂದದ್ದು ಕೊಬ್ಬರಿ ಮಾತ್ರ.

ಆ ಗೋಡೌನಿನ ಅರ್ಧ ಭಾಗಕ್ಕೆ ಅಡಿಕೆ ದಬ್ಬೆಯ ಅಟ್ಟ. ಅಟ್ಟದ ಮೇಲೆ ಸಿಪ್ಪೆ ಸಮೇತ ತೆಂಗಿನಕಾಯಿ ಹರಡಿರುತ್ತಿದ್ದವು. ಹತ್ತು ಹನ್ನೊಂದು ತಿಂಗಳು ಅವು ಅಲ್ಲೇ ಮಲಗಿ, ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಡಿಸಿಕೊಂಡು ಗಿಟುಕಾಗಬೇಕು. ಮಾವ ಆಗಾಗ ಒಂದು ಕಾಯಿ ತೆಗೆದು ಕಿವಿಯ ಬಳಿ ಅಲ್ಲಾಡಿಸುತ್ತಿದ್ದರು. ಒಳಗೆ ಲೊಟಕ್ ಲೊಟಕ್ ಅಂದರೆ ಆಯಿತು, ಇಲ್ಲದಿದ್ದರೆ ಮತ್ತೆ ಅದೇ ಜಾಗದಲ್ಲಿಟ್ಟು ಇಳಿಯುತ್ತಿದ್ದರು. ಅಟ್ಟದ ಕೆಳಗೆ ಖಾಲಿ ಜಾಗವಿತ್ತು. ಮಾವ ಬಡಗಿಯಿಂದ ಎರಡು ಪ್ಲೈವುಡ್ ಹಲಗೆ ಕೊಯ್ಯಿಸಿ, ಹಸಿರು ಬಣ್ಣ ಬಳಿದು, ನಡುವೆ ಈರುಳ್ಳಿ ಚೀಲದ ಬಲೆ ಕಟ್ಟಿದರು. ಅಳತೆ ಮಾತ್ರ ಕರಾರುವಾಕ್ಕು. ನಾನೇ ಟೇಪು ಹಿಡಿದು ನೋಡಿದ್ದೆ: ಉದ್ದ ಒಂಬತ್ತಡಿ, ಅಗಲ ಐದಡಿ, ಎತ್ತರ ಎರಡೂವರೆ ಅಡಿ.

ಬೆಳಕಿನ ವಿಷಯದಲ್ಲಿ ಮಾತ್ರ ಯಾರೂ ಯೋಚಿಸಲಿಲ್ಲ. ಅದೇ ಜಾಗದಲ್ಲಿ ಮೊದಲು ಹಮಾಲರು ಬಿಡುವಿನಲ್ಲಿ ಕೇರಂ ಆಡುತ್ತಿದ್ದರು. ಕೇರಂ ಬೋರ್ಡಿಗೆ ಕಟ್ಟುವಂತೆ ಒಂದು ಟ್ಯೂಬ್‌ಲೈಟನ್ನು ತಗಡಿನ ಮುಚ್ಚಳ ಹಾಕಿ ತೀರಾ ಕೆಳಕ್ಕೆ ಇಳಿಬಿಟ್ಟಿದ್ದರು. ಟೇಬಲ್ಲು ಬಂದಾಗ ಲೈಟು ಹಾಗೇ ಉಳಿಯಿತು. ಟೇಬಲ್ಲಿನ ಮೇಲೆ ಬೆಳಕೋ ಬೆಳಕು, ನಮ್ಮ ಎದೆಯಿಂದ ಮೇಲಕ್ಕೆ ಕತ್ತಲೆ. ಚೆಂಡು ತಗಡಿನ ಮಟ್ಟ ದಾಟಿ ಮೇಲೆ ಹೋದರೆ ಕಣ್ಣಿಗೆ ಕಾಣುತ್ತಲೇ ಇರಲಿಲ್ಲ. ಹಾಗಾಗಿ ನಾವು ಚೆಂಡನ್ನು ಮೇಲಕ್ಕೆ ಹೋಗಗೊಡುತ್ತಿರಲಿಲ್ಲ.

ಮಾವ ಮೊದಲ ಹದಿನೈದು ದಿನ ಬ್ಯಾಟು ಮುಟ್ಟಲು ಬಿಡಲಿಲ್ಲ. ನಿಲ್ಲುವುದನ್ನಷ್ಟೇ ಕಲಿಸಿದರು. ಎರಡು ಕಾಲಿನ ನಡುವೆ ಎರಡು ತೆಂಗಿನಕಾಯಿ ಉದ್ದಕ್ಕೆ ಇಟ್ಟರು, ಕಾಲು ಹತ್ತಿರ ಬರಬಾರದೆಂದು. ಒಂದೊಂದು ಹಿಮ್ಮಡಿಯ ಕೆಳಗೂ ಒಡೆದ ತೆಂಗಿನ ಚಿಪ್ಪನ್ನು ಬೋರಲು ಹಾಕಿದರು.

“ಹಿಮ್ಮಡಿ ಇಳಿದ್ರೆ ಚಿಪ್ಪು ಒಡೀತದೆ. ಇಲ್ಲಾಂದ್ರೆ ನಿನ್ ಕಾಲು ಒಡೀತದೆ. ಯಾವ್ದಾದ್ರೂ ಒಂದು.”

“ಮಾವ, ಎಷ್ಟೊತ್ತು ಹಿಂಗೆ?”

“ಗೋಡೌನಿಗೆ ಬಂದಿರೋ ಕಾಯಿ ಯಾವತ್ತಾದ್ರೂ ಎಷ್ಟೊತ್ತು ಅಂತ ಕೇಳೈತಾ? ನಿಂತ್ಕೊಳೋ.”

ನಾನು ಒಡೆದ ಚಿಪ್ಪುಗಳ ಲೆಕ್ಕವಿಟ್ಟೆ. ಜೂನಿನಲ್ಲಿ ಮೂವತ್ತೇಳು. ಜುಲೈನಲ್ಲಿ ಹನ್ನೊಂದು. ಸೆಪ್ಟೆಂಬರಿನಲ್ಲಿ ಎರಡು. ಆಮೇಲೆ ಚಿಪ್ಪು ಬೇಕಾಗಲಿಲ್ಲ. ಹಮಾಲರು ಮೂಟೆ ಹೊತ್ತು ಹೋಗುವಾಗ ನನ್ನನ್ನು ನೋಡಿ, “ಏನ್ ಬಸಣ್ಣಾರೆ, ಹುಡ್ಗುಂಗೆ ಕೋಳಿ ಕಾವಿಗೆ ಕೂರೋದ್ ಕಲಿಸ್ತಿದ್ದೀರಾ?” ಎಂದು ನಗುತ್ತಿದ್ದರು. ಮಾವ ನಗುತ್ತಿರಲಿಲ್ಲ.

ಆ ಜೂನ್ ಜುಲೈಗಳಲ್ಲಿ ನಮ್ಮ ಕಡೆಗೆ ಮಳೆ ಅನ್ನುವಂಥದ್ದು ಬರಲಿಲ್ಲ. ದಿನವಿಡೀ ಮೋಡ, ಗಾಳಿ, ಮುಖಕ್ಕೆ ಎರಚಿದಂಥ ತುಂತುರು. ಗಾಳಿಗೆ ಚೆಂಡು ಹಾರಿ ಹೋಗುತ್ತದೆಂದು ಶಟರು ಇಳಿಸುತ್ತಿದ್ದೆವು. ಶಟರು ಇಳಿದರೆ ಒಳಗೆ ಸೆಕೆ, ಮೇಲಿನಿಂದ ಕೊಬ್ಬರಿ ವಾಸನೆ. ಕೈಯ ಎಣ್ಣೆ ಹತ್ತಿ ಬ್ಯಾಟಿನ ರಬ್ಬರು ಜಾರುತ್ತಿತ್ತು. ಹತ್ತು ಹೊಡೆತಕ್ಕೊಮ್ಮೆ ಒದ್ದೆ ಬಟ್ಟೆಯಲ್ಲಿ ಒರೆಸುವುದು ನನ್ನ ಕೆಲಸ.

ಸರ್ವೀಸನ್ನು ಮಾವ ಜುಲೈ ಮೊದಲ ವಾರ ತೋರಿಸಿದರು. ಅದನ್ನು ತೋರಿಸುವಾಗ ಅವರ ಮುಖವೇ ಬೇರೆಯಾಯಿತು.

“ನೋಡು. ಚೆಂಡು ಎಡಗೈಯ ಮೂರು ಬೆರಳಲ್ಲಿ. ಮೊಣಕೈ ಮುಂದೆ ಅಡ್ಡ ಇರ್ಲಿ, ಬಾಗ್ಲಿಗೆ ಪರದೆ ಬಿಟ್ಟಂಗೆ. ಬೆರಳು ಬಿಡೋದು, ಬ್ಯಾಟು ಸವರೋದು, ಎರಡೂ ಪರದೆ ಹಿಂದೆ. ಚೆಂಡಿನ ಯಾವ ಮಗ್ಗುಲಿಗೆ ಬ್ಯಾಟು ತಾಕ್ತು ಅಂತ ಎದುರ್ಗಡೆಯೋನಿಗೆ ಗೊತ್ತಾಗ್ಬಾರ್ದು. ಗೊತ್ತಾಗೋ ಹೊತ್ತಿಗೆ ಪಾಯಿಂಟ್ ನಿಂದು.”

ಅವರು ಹೊಡೆದ ಚೆಂಡು ನನ್ನ ಕಡೆ ಬಿದ್ದು, ಹಾವಿನ ಹಾಗೆ ಪಕ್ಕಕ್ಕೆ ಸರಿದು, ಚೀಲಗಳ ಸಂದಿಗೆ ನುಗ್ಗಿತು. ನನ್ನ ಬ್ಯಾಟು ಗಾಳಿಯಲ್ಲಿತ್ತು. ಐವತ್ತೆಂಟು ವರ್ಷದ ಮನುಷ್ಯ ಸೊಂಟದ ಮೇಲೆ ಕೈಯಿಟ್ಟು ನನ್ನನ್ನು ನೋಡಿ, “ಹುಬ್ಬಳ್ಳಿ ಗಾರ್ಡೂ ಹಿಂಗೇ ನಿಂತಿದ್ದ” ಅಂದರು.

ಎದುರು ತುದಿಯ ಮೂಲೆಯಲ್ಲಿ ಸೀಮೆಸುಣ್ಣದಿಂದ ಒಂದು ಚೌಕ ಬರೆದೆ. ದಿನಕ್ಕೆ ನೂರು ಸರ್ವೀಸು. ಚೌಕದೊಳಗೆ ಎಷ್ಟು ಬಿದ್ದವೆಂದು ಬರೆಯುವುದು. ಜುಲೈ ೮, ಸೋಮವಾರ: ಇಪ್ಪತ್ತಾರು. ಹದಿನೈದನೇ ತಾರೀಖು: ನಲವತ್ತು. ಹತ್ತೊಂಬತ್ತು: ನಲವತ್ತೊಂಬತ್ತು.

ಇನ್ನು ಜುಲೈ ೨೧, ಭಾನುವಾರದ ಪುಟ. ಇದನ್ನು ಇದ್ದ ಹಾಗೇ ಬರೆಯಬೇಕು. ಆ ದಿನ ಬೆಳಿಗ್ಗೆ ಮನೆಯಲ್ಲಿ ಮೊಬೈಲಿನಲ್ಲಿ ಒಂದು ಪಂದ್ಯ ನೋಡಿದೆ. ಆಟಗಾರರು ಚೆಂಡನ್ನು ಬಿಚ್ಚಿದ ಅಂಗೈ ಮೇಲಿಟ್ಟು, ಮೇಲಕ್ಕೆ ಎಸೆದು, ಎಡಗೈಯನ್ನು ಕೂಡಲೇ ಅಡ್ಡದಿಂದ ತೆಗೆದುಬಿಡುತ್ತಿದ್ದರು. ಎಲ್ಲರೂ ಹಾಗೆಯೇ. ಒಬ್ಬರೂ ಪರದೆ ಹಿಡಿಯುತ್ತಿರಲಿಲ್ಲ. ಮಧ್ಯಾಹ್ನ ಗೋಡೌನಿಗೆ ಹೋಗಿ ಮಾವನನ್ನು ಕೇಳಿದೆ.

“ಅದು ಟೀವಿಗೆ ಕಣೋ” ಅಂದರು ಮಾವ. “ಕ್ಯಾಮೆರಾದಲ್ಲಿ ಚೆಂಡು ಕಾಣ್ಬೇಕಲ್ಲ, ಅದಕ್ಕೆ ಎತ್ತಿ ಎಸೀತಾರೆ.”

“ರೂಲ್ಸ್ ಬದ್ಲಾಗಿರ್ಬೋದಾ ಮಾವ?”

“ರೂಲ್ಸು! ನೀನು ಮೊನ್ನೆ ಹನ್ನೊಂದಕ್ಕೆ ಗೇಮು ಮುಗೀತದೆ ಅಂದೆ, ಒಪ್ಕೊಂಡೆ. ಹನ್ನೊಂದಕ್ಕೆ ಮುಗಿಸಿದ್ರೆ ಬೆವ್ರೂ ಬರಕಿಲ್ಲ, ಆದ್ರೂ ಒಪ್ಕೊಂಡೆ. ಈಗ ಕೈ ತೆಗಿ ಅಂತೀಯ. ನಾಳೆ ಕಣ್ಮುಚ್ಕೊಂಡು ಆಡು ಅಂತೀಯ.”

ನಿಯಮ ಹುಡುಕಿ ಓದಲು ಮೊಬೈಲು ಜೇಬಿನಲ್ಲೇ ಇತ್ತು. ಎರಡು ನಿಮಿಷದ ಕೆಲಸ. ನಾನು ಅದನ್ನು ಮಾಡುವ ಬದಲು ನನಗೆ ಹೆಚ್ಚು ನಂಬಿಕೆ ಇದ್ದ ಕೆಲಸ ಮಾಡಿದೆ. ವೀಡಿಯೊದಂತೆ ಅಂಗೈ ಬಿಚ್ಚಿ, ಎಸೆದು, ನೂರು ಸರ್ವೀಸು ಹೊಡೆದೆ. ಚೆಂಡು ತಗಡು ದಾಟಿ ಕತ್ತಲೆಗೆ ಹೋಗಿ ಎಲ್ಲೆಲ್ಲೋ ಇಳಿಯಿತು. ಚೌಕದಲ್ಲಿ ಬಿದ್ದದ್ದು ಒಂಬತ್ತು. ಮತ್ತೆ ಮಾವನ ರೀತಿಯಲ್ಲಿ ನೂರು: ಐವತ್ತೊಂದು. ಆ ಪುಟದ ಕೊನೆಯ ಸಾಲು ನನ್ನ ಕೈಬರಹದಲ್ಲಿ, ಕೆಳಗೆ ಗೆರೆ ಎಳೆದು ಹೀಗಿದೆ: ‘ಹಳೆಯದನ್ನೇ ಮುಂದುವರಿಸುವುದು.’

ಆಮೇಲಿನ ತಿಂಗಳುಗಳು ಚೆನ್ನಾಗಿದ್ದವು. ಅದನ್ನು ಇಲ್ಲ ಅನ್ನಲಾರೆ. ಆಗಸ್ಟ್ ೨೫, ಭಾನುವಾರ: ಅರವತ್ತಾರು. ಅಕ್ಟೋಬರ್ ೬, ಭಾನುವಾರ: ಎಂಬತ್ತೊಂದು. ಪ್ರತಿ ಭಾನುವಾರ ಮಾವ ಎದುರು ನಿಂತು ಇಪ್ಪತ್ತು ಸರ್ವೀಸು ತೆಗೆದುಕೊಳ್ಳುತ್ತಿದ್ದರು. ಎಷ್ಟನ್ನು ಅವರು ವಾಪಸ್ ಕಳಿಸಲಾಗಲಿಲ್ಲ ಎಂಬುದು ನನ್ನ ಇನ್ನೊಂದು ಲೆಕ್ಕ. ಅದು ಜುಲೈನಲ್ಲಿ ಮೂರಿದ್ದದ್ದು ಅಕ್ಟೋಬರಿನಲ್ಲಿ ಹದಿನಾರಕ್ಕೆ ಏರಿತು. ಹದಿನಾರು ಆದ ದಿನ ಮಾವ ಬ್ಯಾಟು ಕೆಳಗಿಟ್ಟು, ಶಟರು ಎತ್ತಿ, ಹೊರಗೆ ಲಾರಿ ತುಂಬುತ್ತಿದ್ದವರಿಗೆಲ್ಲ ಕೇಳುವ ಹಾಗೆ ಕೂಗಿದರು: “ಲೇ, ನಮ್ ಹುಡ್ಗ ಯೂನಿವರ್ಸಿಟಿಗೆ ಹೋಗ್ತಾನೆ ಕಣ್ರೋ!”

“ಕಾವಿಗೆ ಕೂತಿದ್ ಕೋಳಿ ಮರಿ ಮಾಡ್ತು ಅನ್ನಿ” ಅಂದ ಒಬ್ಬ.

ಮನೆಯಲ್ಲಿ ಅಪ್ಪ ಆಗಲೇ ಅಜ್ಜಂಪುರದ ಹಾರ್ಡ್‌ವೇರ್ ಅಂಗಡಿಯಲ್ಲಿ ನನ್ನ ವಿಷಯ ಹೇಳಿಟ್ಟಿದ್ದರು. ಅಂಗಡಿಯವರು ಮಠದ ಕಡೆಯಿಂದ ಪರಿಚಯ. “ನವೆಂಬರ್ ಮುಗೀಲಿ ಅಪ್ಪ” ಅಂದೆ. “ನವೆಂಬರ್ ಮುಗಿಯೋದು ನಿನ್ ಕೇಳ್ಕೊಂಡಲ್ಲ” ಅಂದರು ಅಪ್ಪ. ಆದರೂ ಒತ್ತಾಯ ಮಾಡಲಿಲ್ಲ.

ನವೆಂಬರ್ ೧೩, ಬುಧವಾರ. ತರೀಕೆರೆಯ ಒಂದು ಕಾಲೇಜಿನ ಸಭಾಂಗಣ. ಚಾವಣಿ ಎರಡಾಳು ಎತ್ತರ, ಸಾಲಾಗಿ ಲೈಟುಗಳು, ನೀಲಿ ಬಣ್ಣದ ನಾಲ್ಕು ಟೇಬಲ್ಲು. ಅಷ್ಟೊಂದು ಬೆಳಕಿನಲ್ಲಿ ನಾನು ಯಾವತ್ತೂ ಆಡಿರಲಿಲ್ಲ. ಎದುರಾಳಿ ಕನ್ನಡಕ ಹಾಕಿದ್ದ ಒಬ್ಬ ಹುಡುಗ, ಮೂರನೇ ಸಲ ಬಂದವನು. ಅಂಪೈರ್ ಯಾವುದೋ ಕಾಲೇಜಿನ ಮೇಡಂ.

ಮೊದಲ ಸರ್ವೀಸು ನನ್ನದು. ಮೊಣಕೈ ಅಡ್ಡ ಇಟ್ಟೆ, ಬೆರಳು ಬಿಟ್ಟೆ, ಸವರಿದೆ. ಚೆಂಡು ಎದುರು ಮೂಲೆಗೆ ಬಿದ್ದು ಪಕ್ಕಕ್ಕೆ ಸರಿಯಿತು. ಹುಡುಗ ಮುಟ್ಟಲೇ ಇಲ್ಲ. ಒಂದು ಕ್ಷಣ, ನೋಟ್‌ಬುಕ್ಕಿನಲ್ಲಿ ಇದ್ದದ್ದೆಲ್ಲ ನಿಜ ಅನ್ನಿಸಿತು. ಆಗ ಮೇಡಂ ಕೈ ಎತ್ತಿದರು.

“ಲೆಟ್, ಪಾಯಿಂಟ್ ಇಲ್ಲ. ಚೆಂಡು ಕಾಣಿಸ್ತಿಲ್ಲ. ಅಂಗೈ ಬಿಚ್ಚಿ ಇಡಿ, ಹದಿನಾರು ಸೆಂಟಿಮೀಟರ್ ಆದ್ರೂ ಮೇಲಕ್ಕೆ ಎಸೀರಿ, ಎಡಗೈ ಅಡ್ಡ ಬೇಡ. ಇದು ವಾರ್ನಿಂಗ್.”

ಎರಡನೆಯದನ್ನು ಹೇಗೆ ಹೊಡೆಯಬೇಕೆಂದು ನನ್ನ ತಲೆಗೆ ಹೊಳೆಯಿತು, ಕೈಗೆ ಹೊಳೆಯಲಿಲ್ಲ. ಕೈ ತನಗೆ ಗೊತ್ತಿದ್ದದ್ದನ್ನೇ ಮಾಡಿತು.

“ಫಾಲ್ಟ್.”

ಮತ್ತೊಂದು. “ಫಾಲ್ಟ್.”

ಅವರ ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. ನಾಲ್ಕನೇ ಫಾಲ್ಟಿಗೆ ಟೇಬಲ್ಲಿನ ಪಕ್ಕಕ್ಕೆ ಬಂದು, ಮಕ್ಕಳಿಗೆ ಹೇಳುವ ಹಾಗೆ ಹೇಳಿದರು: “ಯಾರು ಕಲಿಸಿದ್ದು ನಿಮ್ಗೆ? ಕೈ ಅಡ್ಡ ಇಡೋದು ಬಹಳ ಹಿಂದೆ ನಡೀತಿತ್ತು. ಅದನ್ನ ತೆಗೆದು ಇಪ್ಪತ್ತು ವರ್ಷದ ಮೇಲಾಯ್ತು. ನಿಮ್ಗೆಷ್ಟು ವಯಸ್ಸು?”

“ಇಪ್ಪತ್ತೊಂದು ಮೇಡಂ.”

ಅವರು ತಮ್ಮ ಕುರ್ಚಿಗೆ ಮರಳಿದರು.

ಉಳಿದ ನಾಲ್ಕನ್ನು ಅಂಗೈ ಬಿಚ್ಚಿ ಎಸೆದು ಹೊಡೆದೆ. ಎರಡು ಬಲೆಗೆ, ಎರಡು ಟೇಬಲ್ಲಿನಾಚೆ. ಮೊದಲ ಗೇಮಿನಲ್ಲಿ ನನ್ನ ಪಾಲಿಗೆ ಬಂದ ಸರ್ವೀಸು ಎಂಟು, ಬಂದ ಪಾಯಿಂಟು ಸೊನ್ನೆ. ಅವನ ಸರ್ವೀಸಿನ ಆರರಲ್ಲಿ ಮೂರನ್ನು ನಾನು ಗೆದ್ದಿದ್ದೆ. ಹನ್ನೊಂದು ಮೂರು. ಆಮೇಲೆ ಹನ್ನೊಂದು ನಾಲ್ಕು. ಹನ್ನೊಂದು ಎರಡು. ಇಪ್ಪತ್ತು ನಿಮಿಷವೂ ಹಿಡಿಯಲಿಲ್ಲ. ಕೈ ಕುಲುಕುವಾಗ ಕನ್ನಡಕದ ಹುಡುಗ, “ನಿಮ್ ಕಾಲು ಸೂಪರ್ ಬ್ರೋ. ಸರ್ವೀಸ್ ಒಂದು ಇದ್ದಿದ್ರೆ ನಾನು ಮನೆಗೆ” ಅಂದ. ವ್ಯಂಗ್ಯವಾಗಿ ಹೇಳಿದ್ದಲ್ಲ.

ಹೊರಗೆ ಬಂದು ಕಟ್ಟೆಯ ಮೇಲೆ ಕೂತು, ಕೊನೆಗೂ ಮೊಬೈಲಿನಲ್ಲಿ ನಿಯಮ ಹುಡುಕಿ ಓದಿದೆ. ಮೇಡಂ ಹೇಳಿದ್ದಕ್ಕಿಂತ ಒಂದು ಅಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಬಸ್ಸಿನಲ್ಲಿ ಲೆಕ್ಕ ಹಾಕಿದೆ. ಜುಲೈ ಇಪ್ಪತ್ತೊಂದರಿಂದ ಆ ದಿನಕ್ಕೆ ನೂರ ಹದಿನೈದು ದಿನ. ದಿನಕ್ಕೆ ನೂರರಂತೆ ಹನ್ನೊಂದು ಸಾವಿರದ ಐನೂರು ಸರ್ವೀಸು. ಬಿಟ್ಟ ದಿನಗಳನ್ನು ಕಳೆದರೂ ಹತ್ತು ಸಾವಿರದ ಮೇಲೆ. ಅವುಗಳಲ್ಲಿ ಒಂದೂ ಸರ್ವೀಸಲ್ಲ. ಒಂಬತ್ತರಿಂದ ಶುರುಮಾಡಿದ್ದರೂ ನವೆಂಬರಿಗೆ ಎಲ್ಲಿಗೆ ಬರುತ್ತಿದ್ದೆ ಎಂದು ಒಂದು ಪಟ್ಟಿ ಬರೆಯಲು ಹೋಗಿ, ಬೀರೂರು ಬರುವ ಹೊತ್ತಿಗೆ ಪೆನ್ನು ಮುಚ್ಚಿದೆ.

ಮಾವ ಕಡೂರಿನ ನಿಲ್ದಾಣದಲ್ಲೇ ನಿಂತಿದ್ದರು. ಹೆಗಲ ಮೇಲೆ ತೆಂಗಿನ ನಾರು ಹಾಗೇ ಇತ್ತು. ಗೋಡೌನಿನಿಂದ ನೇರ ಬಂದಿದ್ದರು. ನನ್ನ ಮುಖ ನೋಡಿಯೇ ಅವರಿಗೆ ಅರ್ಥವಾಯಿತು.

“ಎಷ್ಟ್ ಗೆದ್ದೆ?”

“ಇಲ್ಲ ಮಾವ. ಮೊದಲ್ನೇದ್ರಲ್ಲೇ ಹೋಯ್ತು.”

ಹೆಗಲ ಮೇಲಿನ ನಾರನ್ನು ಕೊಡವಿದರು. ಆಮೇಲೆ ಮೆಲ್ಲಗೆ, “ಸರ್ವೀಸು?” ಅಂದರು.

ಹೇಳಬೇಕೆಂದೇ ಬಾಯಿ ತೆರೆದದ್ದು. ಮೊಬೈಲಿನಲ್ಲಿ ಆ ನಿಯಮದ ಪುಟ ಇನ್ನೂ ಮುಚ್ಚಿರಲಿಲ್ಲ. ಆದರೆ ಅವರು ಕೇಳಿದ ರೀತಿ ಹೇಗಿತ್ತೆಂದರೆ, ಆ ಒಂದು ಉತ್ತರ ಸರಿಯಾಗಿ ಬಂದರೆ ಸೋಲು ಅಷ್ಟೇನೂ ದೊಡ್ಡದಲ್ಲ ಅನ್ನುವ ಹಾಗಿತ್ತು.

“ಚೆನ್ನಾಗೇ ಬಿತ್ತು ಮಾವ. ಅವ್ನಿಗೆ ಒಂದೂ ತೆಗೆಯಾಕಾಗ್ಲಿಲ್ಲ.”

“ಮತ್ತೆ?”

“ಉಳಿದಿದ್ದು ಆಗ್ಲಿಲ್ಲ.”

ಮಾವ ತಲೆಯಾಡಿಸಿದರು. “ಹಂಗಾದ್ರೆ ತಪ್ಪಿದ್ದು ಕಾಲೇ. ನನ್ ತಪ್ಪು ಕಣೋ. ಚಿಪ್ಪನ್ನ ಬೇಗ ತೆಗೆದ್ಬಿಟ್ಟೆ.”

ಮರುದಿನದಿಂದ ಮಾವ ಮತ್ತೆ ಹಿಮ್ಮಡಿಯ ಕೆಳಗೆ ಚಿಪ್ಪು ಇಟ್ಟರು. ನಾನು ಆಡಬೇಕಾದ ಯಾವ ಪಂದ್ಯವೂ ಇನ್ನು ಇರಲಿಲ್ಲ. ಅದು ಅವರಿಗೂ ಗೊತ್ತಿತ್ತು. ಆದರೆ ಸುಳ್ಳು ಹೇಳಿದವನು ನಾನು, ಬೇಡ ಅನ್ನಲು ಬಾಯಿ ಬರಲಿಲ್ಲ. ಡಿಸೆಂಬರ್, ಜನವರಿ ಪೂರ್ತಿ, ಮಂಜು ಕವಿದ ಬೆಳಗುಗಳಲ್ಲಿ ಕಾಲೇಜಿಗೆ ಮುಂಚೆ ಗೋಡೌನಿಗೆ ಹೋಗಿ, ಆ ಬದಿಯಿಂದ ಈ ಬದಿಗೆ ಇನ್ನೂರು ಸಲ ಸರಿದಾಡುತ್ತಿದ್ದೆ. ಅದನ್ನೂ ಬರೆದಿದ್ದೇನೆ. ಒಡೆದ ಚಿಪ್ಪು: ಎರಡು ತಿಂಗಳಿಗೆ ಒಂದೂ ಇಲ್ಲ. ಸರಿಯಾಗಿಯೇ ಇದ್ದ ಕಾಲನ್ನು ಸರಿಮಾಡಲು ನಾವಿಬ್ಬರೂ ಅಷ್ಟು ಕಷ್ಟಪಟ್ಟೆವು. ಪ್ರತಿದಿನ ಮಾವ, “ಈಗ ಪರವಾಗಿಲ್ಲ” ಅನ್ನುತ್ತಿದ್ದರು.

ಕಾಲೇಜಿನ ಮೇಷ್ಟ್ರು ಹಿಂದಿನ ವರ್ಷ ಸೀಟು ಸಿಕ್ಕಿದವರ ಪಟ್ಟಿ ತೋರಿಸಿದರು. ನನ್ನ ಅಂಕ ಆ ಪಟ್ಟಿಯ ಹತ್ತಿರಕ್ಕೂ ಬರುತ್ತಿರಲಿಲ್ಲ. ನಾನು ಅರ್ಜಿ ಹಾಕಲಿಲ್ಲ. ಅಪ್ಪನಿಗೆ, ಪರೀಕ್ಷೆ ಮುಗಿದ ವಾರ ಅಜ್ಜಂಪುರಕ್ಕೆ ಹೋಗುತ್ತೇನೆಂದು ಹೇಳಿದೆ.

ಜನವರಿ ೧೨, ಭಾನುವಾರದಿಂದ ಗೋಡೌನಿಗೆ ಇನ್ನೊಬ್ಬಳು ಬರತೊಡಗಿದಳು. ಪವಿತ್ರ, ಮಾವನ ತಂಗಿಯ ಮಗಳು. ಮನೆ ಬೀರೂರು, ಅಲ್ಲಿಯೇ ಡಿಗ್ರಿ ಮೊದಲ ವರ್ಷ. ರಜೆಯ ದಿನ ಬಸ್ಸು ಹತ್ತಿ ಬರುತ್ತಿದ್ದಳು. ಮಾವ ಅವಳನ್ನೂ ಚಿಪ್ಪಿನ ಮೇಲೆ ನಿಲ್ಲಿಸಿದರು. “ಮಾವ, ಇದು ಆಟನಾ, ಶಿಕ್ಷೆನಾ?” ಎಂದು ಕೇಳುತ್ತ, ನಗುತ್ತ, ಮೂರ್ನಾಲ್ಕು ವಾರದಲ್ಲೇ ಕಲಿತಳು. ಫೆಬ್ರವರಿಯಲ್ಲಿ ಮಾವ ಅವಳಿಗೆ ಸರ್ವೀಸು ಹೇಳಿಕೊಟ್ಟರು. ಮೂರು ಬೆರಳು, ಮೊಣಕೈ, ಪರದೆ. ನಾನು ಅಲ್ಲೇ ನಿಂತು ಬ್ಯಾಟಿನ ರಬ್ಬರು ಒರೆಸುತ್ತಿದ್ದೆ. ಅವಳ ಮುಂದೆ ಇನ್ನೂ ಎರಡು ವರ್ಷ, ಎರಡು ಟೂರ್ನಿ ಇದ್ದವು. ನಾನು ಇವತ್ತು ಹೇಳದಿದ್ದರೆ ಅವಳೂ ಅದೇ ಬೆಳಕಿನಲ್ಲಿ ಹೋಗಿ ನಿಲ್ಲುತ್ತಾಳೆ. ಹೇಳಿದರೆ ಮಾವನಿಗೆ ಎಲ್ಲವೂ ತಿಳಿಯುತ್ತದೆ: ಸರ್ವೀಸು, ನನ್ನ ಸುಳ್ಳು, ಆ ಎರಡು ತಿಂಗಳ ಚಿಪ್ಪು. ನಾಲ್ಕು ಭಾನುವಾರ ಹೀಗೆಯೇ ಕಳೆದವು.

ಮಾರ್ಚ್ ೯, ಭಾನುವಾರ. ಬಿಸಿಲು ಜೋರಾಗಿತ್ತು. ಅಟ್ಟದ ಮೇಲೆ ಕಾಯಿಗಳು ಕಾದು ವಾಸನೆ ದಟ್ಟವಾಗಿ ಇಳಿದಿತ್ತು. ಮಾವ ಟೀ ತರಲು ಎದುರು ಅಂಗಡಿಗೆ ಹೋದರು. ನಾನು ಟೇಬಲ್ಲಿನ ಹತ್ತಿರ ಹೋಗಿ ಒಂದೇ ಉಸಿರಿಗೆ ಹೇಳಿದೆ.

“ಪವಿತ್ರ, ಈ ಸರ್ವೀಸು ಟೂರ್ನಿಯಲ್ಲಿ ನಡೆಯಲ್ಲ. ಫಾಲ್ಟ್ ಕೊಡ್ತಾರೆ. ನಂಗೆ ಕೊಟ್ರು. ನಾನು ಸೋತಿದ್ದು ಅದಕ್ಕೇ.”

ಅವಳು ಬಾಗಿಲ ಕಡೆ ಒಮ್ಮೆ ನೋಡಿದಳು. “ಗೊತ್ತು ಅಣ್ಣ.”

“ಏನ್ ಗೊತ್ತು?”

“ಇದು ನಡೆಯಲ್ಲ ಅಂತ. ಯಾರಿಗ್ ಗೊತ್ತಿಲ್ಲ?” ಎಂದು ಚೆಂಡನ್ನು ಅಂಗೈ ಮೇಲಿಟ್ಟಳು. ಸ್ವಲ್ಪ ಹಿಂದೆ ಸರಿದು, ಮಂಡಿ ಇನ್ನಷ್ಟು ಬಗ್ಗಿಸಿ, ಸೊಂಟದ ಮಟ್ಟದಿಂದ ಎಸೆದಳು. ಚೆಂಡು ಒಂದು ಗೇಣು ಮೇಲೇರಿತು, ತಗಡಿನ ಕೆಳಗೇ, ಬೆಳಕಿನೊಳಗೇ. ಇಳಿಯುವಾಗ ಸವರಿದಳು. ಎದುರು ಮೂಲೆಯಲ್ಲಿ ಬಿತ್ತು. “ಕಾಲೇಜಲ್ಲಿ ಇದು. ಇಲ್ಲಿ ಮಾವಂದು.”

ಬಗ್ಗಿದರೆ ಆಗುತ್ತಿತ್ತು. ಲೈಟು ಕೆಳಗಿದ್ದರೆ ಚೆಂಡನ್ನು ಇನ್ನೂ ಕೆಳಗಿನಿಂದ ಎಸೆಯಬಹುದಿತ್ತು. ಅದು ನನಗೆ ಒಂದು ದಿನವೂ ಹೊಳೆದಿರಲಿಲ್ಲ.

“ಮಾವನಿಗೆ ಹೇಳ್ಲಿಲ್ವಾ?” ಅಂದೆ.

“ಯಾಕ್ ಹೇಳ್ಬೇಕು? ಮಾವ ಕಲಿಸೋ ಕಾಲು ನಮ್ ಕಾಲೇಜಲ್ಲಿ ಯಾರಿಗೂ ಬರಲ್ಲ. ಅದಕ್ಕೇ ಬರ್ತೀನಿ. ಸರ್ವೀಸು ಅವ್ರ ಖುಷಿಗೆ.” ಅವಳು ನನ್ನನ್ನು ನಿಜವಾದ ಅಚ್ಚರಿಯಿಂದ ನೋಡಿದಳು. “ಎರಡೂ ಕಲ್ಯೋಕೆ ಏನ್ ಕಷ್ಟ ಇತ್ತು ಅಣ್ಣ?”

ಮಾವ ಮೂರು ಲೋಟ ಟೀ ಹಿಡಿದು ಬಂದರು. “ಏನ್ ಮಾತುಕತೆ? ಟೀ ಕುಡ್ದು ಸರ್ವೀಸ್ ಹೊಡಿಯವ್ವ. ಲೇ, ನೀನ್ ಬರ್ಕೋ.”

ಪವಿತ್ರ ಮೊಣಕೈ ಅಡ್ಡ ತಂದಳು. ಮೂರು ಬೆರಳಲ್ಲಿ ಚೆಂಡು ಹಿಡಿದಳು. ಒಂದೊಂದು ಚೆಂಡು ಪಕ್ಕಕ್ಕೆ ಸರಿದು ಹೋದಾಗಲೂ ಮಾವ ಖಾಲಿ ಬ್ಯಾಟು ಬೀಸಿ, “ನೋಡ್ದೇನೋ, ನಂಗೇ ಕಾಣ್ಲಿಲ್ಲ!” ಎಂದು ನನ್ನ ಕಡೆ ತಿರುಗಿ ನಗುತ್ತಿದ್ದರು. ಅವರು ಅಷ್ಟು ಸಂತೋಷವಾಗಿದ್ದದ್ದನ್ನು ಹದಿನಾರು ಆದ ದಿನವೂ ನಾನು ನೋಡಿರಲಿಲ್ಲ. ನಾನು ತಾರೀಖು ಬರೆದು, ವಾರ ಬರೆದು, ಅವಳ ಹೆಸರು ಬರೆದು, ಅದರ ಮುಂದೆ ಬರೆದೆ: ಇಪ್ಪತ್ತಕ್ಕೆ ಹದಿನೇಳು.

ಮಾವ ಬೆವರು ಒರೆಸಿಕೊಳ್ಳುತ್ತ ಬಂದು ನೋಟ್‌ಬುಕ್ಕಿಗೆ ಬಗ್ಗಿದರು. “ನಿಂಗಿಂತ ಒಂದ್ ಹೆಚ್ಚು ಕಣೋ.”

“ಹೂಂ ಮಾವ” ಅಂದೆ. ಮುಂದಿನ ಇಪ್ಪತ್ತಕ್ಕೆ ಗೆರೆ ಎಳೆದೆ.